ಧ್ವನಿಯ ಋಣ

ಶಬ್ದವು ನಿತ್ಯವೋ ಅನಿತ್ಯವೋ ಎಂಬ ಪ್ರಶ್ನೆಯನ್ನು ನಮ್ಮ ಶಾಸ್ತ್ರಕಾರರು ಬಹುಕಾಲ ಚರ್ಚಿಸಿದ್ದಾರೆ. ಶಬ್ದವು ಆಕಾಶದ ಗುಣ. ಅದು ಒಂದು ಕ್ಷಣದಲ್ಲಿ ಹುಟ್ಟಿ, ಮರುಕ್ಷಣದಲ್ಲಿ ನಿಂತು, ಮೂರನೆಯ ಕ್ಷಣದಲ್ಲಿ ನಾಶವಾಗುವುದೆಂದು ನೈಯಾಯಿಕರು ಹೇಳಿದರು. ಮೀಮಾಂಸಕರು ಇದನ್ನು ಒಪ್ಪಲಿಲ್ಲ. ಶಬ್ದವು ನಿತ್ಯವಾದುದು, ಬಾಯಿಂದ ಹೊರಡುವ ಧ್ವನಿಯು ಅದನ್ನು ಪ್ರಕಟಪಡಿಸತಕ್ಕ ಸಾಧನವು ಮಾತ್ರ ಎಂದು ಅವರ ವಾದ. ಪಾಠಶಾಲೆಯಲ್ಲಿ ಇದನ್ನು ಕಂಠಪಾಠ ಮಾಡುತ್ತಿದ್ದಾಗ, ಇದರಿಂದ ಸಂಸಾರಿಗಳಿಗೆ ಆಗಬೇಕಾದುದೇನೆಂದು ನಮಗೆ ತಿಳಿಯುತ್ತಿರಲಿಲ್ಲ. ಅರುವತ್ತು ದಾಟಿದ ಮೇಲೆ, ಒಂದು ಹಳೆಯ ಕ್ಯಾಸೆಟ್ಟಿನ ದೆಸೆಯಿಂದ, ಅದು ನನಗೆ ಮನೆಯ ಪ್ರಶ್ನೆಯೇ ಆಯಿತು.

ನೈಯಾಯಿಕರ ಮೂರನೆಯ ಕ್ಷಣವನ್ನು ಯಂತ್ರವು ಗೆದ್ದಿತೆಂದು ತೋರುವುದುಂಟು. ೧೯೦೨ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನ್ ಕಂಪೆನಿಯವರು ಗೌಹರ್ ಜಾನ್ ಎಂಬ ಗಾಯಕಿಯ ಹಾಡನ್ನು ಮುದ್ರಿಸಿಕೊಂಡರು. ಆಕೆ ಕಡೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು, ೧೯೩೦ರಲ್ಲಿ ಮೈಸೂರಿನಲ್ಲಿಯೇ ತೀರಿಕೊಂಡರು. ಆ ಕಂಠವು ಇಂದಿಗೂ ಕೇಳುತ್ತದೆ. ಮರದ ಕೊಂಬೆಯ ಮೇಲೆ ಹುಳುವು ಕಟ್ಟಿದ ಅರಗಿನ ತಟ್ಟೆಯಲ್ಲಿ ಮೂರು ನಿಮಿಷದ ಗಾನವು ಶತಮಾನವನ್ನು ದಾಟಿ ಬಂದಿದೆ.

ಆದರೆ ಗೆಲವು ಪೂರ್ಣವಾದುದಲ್ಲ. ಉಳಿದಿರುವುದು ಶಬ್ದವಲ್ಲ, ಶಬ್ದದ ಸಂಸ್ಕಾರ. ಸಂಸ್ಕಾರಕ್ಕೆ ಆಶ್ರಯವು ಬೇಕು, ಆಶ್ರಯವೋ ನಶ್ವರ. ಅರಗಿನ ತಟ್ಟೆ ಕೈಜಾರಿದರೆ ಒಡೆಯುತ್ತದೆ. ಹಳೆಯ ಫಿಲ್ಮಿನ ಸುರುಳಿ ಹುಳಿವಾಸನೆ ಹಿಡಿದು ಮುರುಟುತ್ತದೆ. ಕ್ಯಾಸೆಟ್ಟಿನ ಪಟ್ಟಿಯ ಮೇಲಣ ಕಂದು ಲೇಪವು ಉದುರುತ್ತದೆ. ಉಪ್ಪಿನ ಮರಿಗೆಯು ನೀರಾಗುವ, ಪೆಟ್ಟಿಗೆಯೊಳಗಣ ಬಟ್ಟೆಗೂ ಬೂಷ್ಟು ಬರುವ ಕಳಸ ಮೂಡಿಗೆರೆಗಳ ಮಳೆಗಾಲದಲ್ಲಿ ಇವುಗಳ ಆಯುಸ್ಸು ಎಷ್ಟೆಂದು ವಾಚಕರಿಗೆ ಹೇಳಬೇಕಾಗಿಲ್ಲ.

ಮಳೆಗಿಂತಲೂ ದೊಡ್ಡ ಶತ್ರುವೊಂದುಂಟು. ಅದು ನಮ್ಮ ಅವಿವೇಕ. ಅನ್ಯರ ದೃಷ್ಟಾಂತವನ್ನು ಹುಡುಕದೆ ನನ್ನದನ್ನೇ ಹೇಳುವೆನು. ೧೯೮೫ರಲ್ಲಿ, ನೌಕರಿ ಸಿಕ್ಕಿದ ಹೊಸದರಲ್ಲಿ, ನಾನೊಂದು ಟೇಪ್ ರೆಕಾರ್ಡರನ್ನು ಕೊಂಡು ತಂದೆನು. ಭದ್ರಾ ನದಿಯ ಈಚೆಯ ದಡದ ನಮ್ಮ ಮನೆಯಲ್ಲಿ ನನ್ನ ತಾಯಿ ಹಸೆಯ ಹಾಡು, ಆರತಿಯ ಹಾಡು, ಉರುಟಣೆಯ ಹಾಡುಗಳನ್ನು ಬಲ್ಲವರಾಗಿದ್ದರು. ಒಂದು ಸಂಜೆ ಬಲವಂತಪಡಿಸಿ ಹಾಡಿಸಿದೆನು. “ಇದೆಲ್ಲ ಯಾರಿಗೆ ಬೇಕು ಮಾರಾಯಾ, ಬ್ಯಾಟರಿ ದಂಡ” ಎನ್ನುತ್ತಲೇ ಅವರು ತೊಂಬತ್ತು ನಿಮಿಷದ ಕ್ಯಾಸೆಟ್ಟನ್ನು ತುಂಬಿಸಿದರು. ಮೂರು ವರ್ಷಗಳ ತರುವಾಯ ನಮ್ಮ ಸೀಮೆಗೆ ಯಕ್ಷಗಾನದ ಮೇಳವು ಬಂದಿತು; ಕಾಳಿಂಗ ನಾವಡರ ಭಾಗವತಿಕೆ. ಹೊಸ ಕ್ಯಾಸೆಟ್ಟು ಕೈಯಲ್ಲಿರಲಿಲ್ಲ. ತಾಯಿ ಮನೆಯಲ್ಲಿಯೇ ಇದ್ದಾರೆ, ಬೇಕಾದಾಗ ಮತ್ತೆ ಹಾಡಿಸಬಹುದು ಎಂದುಕೊಂಡು, ಆ ಹಾಡುಗಳ ಮೇಲೆಯೇ ಆಟವನ್ನು ಮುದ್ರಿಸಿದೆನು.

ನಾವಡರು ೧೯೫೮ರಲ್ಲಿ ಹುಟ್ಟಿದವರು. ೧೯೯೦ರಲ್ಲಿ ರಸ್ತೆಯ ಅಪಘಾತದಲ್ಲಿ ಹೋಗಿಬಿಟ್ಟರು. ಅವರ ಕಂಠವು ಇಂದು ನಮಗೆ ಲಭಿಸಿರುವುದು ಬಹುಮಟ್ಟಿಗೆ ನನ್ನಂತಹ ಅಭಿಮಾನಿಗಳು ಚೌಕಿಯ ಬಳಿಯೂ ರಂಗದ ಮುಂದೆಯೂ ಇರಿಸಿದ ಯಂತ್ರಗಳಿಂದ. ಆದುದರಿಂದ ಆ ರಾತ್ರಿ ನಾನು ಮಾಡಿದುದು ಒಂದು ಲೆಕ್ಕದಲ್ಲಿ ಪುಣ್ಯಕಾರ್ಯವೇ. ನನ್ನ ತಾಯಿ ೧೯೯೭ರಲ್ಲಿ ತೀರಿಕೊಂಡರು. ಮತ್ತೆ ಹಾಡಿಸುವ ಸಂಜೆಯು ಆ ಒಂಬತ್ತು ವರ್ಷಗಳಲ್ಲಿ ಬರಲೇ ಇಲ್ಲ. ನಾವಡರ ಪದಗಳು ನೂರಾರು ಮನೆಗಳಲ್ಲಿ ಇವೆ. ನನ್ನ ತಾಯಿಯ ಹಾಡು ಆ ಒಂದು ಪಟ್ಟಿಯಲ್ಲಿ ಮಾತ್ರ ಇದ್ದಿತು.

ಈ ತಪ್ಪು ನನ್ನೊಬ್ಬನದಲ್ಲ. ಇಂಗ್ಲೆಂಡಿನ ಬಿ.ಬಿ.ಸಿ. ಸಂಸ್ಥೆಯವರು ೧೯೬೪ರಿಂದ ಎರಡು ವರ್ಷ ‘ಜಾಸ್ ೬೨೫’ ಎಂಬ ದೂರದರ್ಶನ ಕಾರ್ಯಕ್ರಮವನ್ನು ನಡೆಯಿಸಿದರು. ಜಾಸ್ ಎಂಬುದು ಅಮೆರಿಕದ ಕರಿಯ ಜನರು ಬೆಳೆಯಿಸಿದ ಸಂಗೀತ. ನಮ್ಮಲ್ಲಿಯ ಮನೋಧರ್ಮದ ಹಾಗೆ ಅಲ್ಲಿಯೂ ವಾದಕನು ಆಗಲೇ ಕಲ್ಪಿಸಿ ನುಡಿಸುತ್ತಾನೆ. ನಿನ್ನೆಯದು ಇಂದು ಬರುವುದಿಲ್ಲ. ಈ ಮಾಲೆಯ ಅನೇಕ ಭಾಗಗಳು ಅದೃಷ್ಟವಶಾತ್ ಉಳಿದುವು. ಆದರೆ ಅದೇ ಕಾಲದ ಇನ್ನೆಷ್ಟೋ ಕಾರ್ಯಕ್ರಮಗಳನ್ನು ಅವರೇ ಅಳಿಸಿದರು. ಟೇಪಿನ ಬೆಲೆ ಹೆಚ್ಚು, ಇಡಲು ಸ್ಥಳವಿಲ್ಲ, ಒಮ್ಮೆ ತೋರಿಸಿದುದನ್ನು ಮತ್ತೆ ಯಾರು ನೋಡುವರು ಎಂಬುದು ಅವರ ಯೋಚನೆ. ಮನುಷ್ಯನು ೧೯೬೯ರಲ್ಲಿ ಚಂದ್ರನ ಮೇಲೆ ಕಾಲಿಟ್ಟ ದೃಶ್ಯವನ್ನು ಭೂಮಿಯಲ್ಲಿ ಮೊದಲು ಹಿಡಿದುಕೊಂಡ ಮೂಲ ಟೇಪುಗಳನ್ನು ಕೂಡ ಬೇರೆ ಕೆಲಸಕ್ಕಾಗಿ ಅಳಿಸಿರಬೇಕೆಂದು ನಾಸಾ ಸಂಸ್ಥೆಯವರು ೨೦೦೯ರಲ್ಲಿ ಒಪ್ಪಿಕೊಂಡರು. ನಮ್ಮ ನಾಡಿನ ನಷ್ಟವು ಇದಕ್ಕಿಂತ ಕಿರಿದಲ್ಲ. ೧೯೩೪ರಲ್ಲಿ ತೆರೆಗೆ ಬಂದ, ಕನ್ನಡದ ಮೊದಲನೆಯ ವಾಕ್ಚಿತ್ರವಾದ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ದೊರೆಯುವುದಿಲ್ಲ. ಪುಣೆಯಲ್ಲಿ ಚಲನಚಿತ್ರಗಳ ಭಂಡಾರವು ಸ್ಥಾಪಿತವಾದುದು ೧೯೬೪ರಲ್ಲಿ, ಅಂದರೆ ಮೂವತ್ತು ವರ್ಷಗಳ ಮೇಲೆ.

ಇವರಲ್ಲಿ ಯಾರೂ ದುಷ್ಟರಲ್ಲ. ಎಲ್ಲರೂ ಮಿತವ್ಯಯವನ್ನು ಬಲ್ಲವರು. ಇದೇ ಇಲ್ಲಿ ವಿಚಾರಿಸತಕ್ಕ ಅಂಶ. ಇರುವ ಒಂದು ಪಟ್ಟಿಯಲ್ಲಿ ಏನನ್ನು ಉಳಿಸಬೇಕೆಂಬಾಗ, ಯಾವುದು ದೊಡ್ಡದು, ಯಾವುದು ಹೆಚ್ಚು ಜನಕ್ಕೆ ಬೇಕು ಎಂದು ನಾವು ಕೇಳುತ್ತೇವೆ. ಕೇಳಬೇಕಾದ ಪ್ರಶ್ನೆ ಅದಲ್ಲವೆಂದು ನನಗೀಗ ತೋರುತ್ತದೆ. ಯಾವುದು ಬೇರೆಲ್ಲಿಯೂ ಇಲ್ಲ ಎಂಬುದನ್ನು ಮೊದಲು ಕೇಳಬೇಕು. ದೊಡ್ಡದಕ್ಕೆ ರಕ್ಷಕರು ತಾವಾಗಿ ಒದಗುತ್ತಾರೆ. ಒಂಟಿಯಾದುದಕ್ಕೆ, ಅದು ಯಾರ ಮನೆಯಲ್ಲಿ ಬಿದ್ದಿದೆಯೋ ಅವನೊಬ್ಬನೇ ರಕ್ಷಕ. ಅವನು ಅಯೋಗ್ಯನಾದರೂ, ಆ ಕರ್ತವ್ಯಕ್ಕೆ ಬೇರೆ ಅಧಿಕಾರಿಯಿಲ್ಲ.

ಇಲ್ಲಿ ಪೂರ್ವಪಕ್ಷವುಂಟು. ಹುಟ್ಟಿದುದಕ್ಕೆಲ್ಲ ನಾಶವಿರುವಾಗ ಧ್ವನಿಯನ್ನು ಹಿಡಿದಿಡಬೇಕೆಂಬುದು ಮೋಹವಲ್ಲವೆ? ಅದೂ ಅಲ್ಲದೆ, ಪ್ರತಿಯೊಬ್ಬನ ಜೇಬಿನಲ್ಲಿಯೂ ಸಾವಿರ ಹಾಡುಗಳಿರುವ ಈಗಿನ ದಿನಗಳಲ್ಲಿ ಇನ್ನೂ ಕೂಡಿಸುವುದರಿಂದ ಫಲವೇನು? ಈ ಆಕ್ಷೇಪದಲ್ಲಿ ಸತ್ಯಾಂಶವಿದೆ. ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿ, ನನ್ನಲ್ಲಿದೆಯೆಂದು ಹೆಮ್ಮೆಪಡುವುದು ಮೋಹವೇ ಸರಿ. ಅದು ಲೋಭದ ಇನ್ನೊಂದು ಹೆಸರು.

ಆದರೆ ನಮ್ಮ ಹಿರಿಯರು ರಕ್ಷಣೆ ಎಂದು ಕರೆದುದು ಬೇರೆ. ವೇದವನ್ನು ಅವರು ಪೆಟ್ಟಿಗೆಯಲ್ಲಿಡಲಿಲ್ಲ. ಪದ, ಕ್ರಮ, ಜಟಾ, ಘನ ಎಂದು ಹಲವು ರೀತಿಗಳಲ್ಲಿ ಹೇಳಿಸಿ, ಒಂದರ ತಪ್ಪನ್ನು ಇನ್ನೊಂದು ತಿದ್ದುವಂತೆ ಮಾಡಿ, ಶಿಷ್ಯನ ಬಾಯಲ್ಲಿಟ್ಟರು. ತಾಳೆಯ ಗರಿಯನ್ನು ಎಣ್ಣೆಯಿಂದಲೂ ನೀರಿನಿಂದಲೂ ಕಾಪಾಡಿರೆಂದು ಬೇಡಿಕೊಂಡ ಲಿಪಿಕಾರರು, ಗರಿ ಶಿಥಿಲವಾಗುವ ಮುನ್ನ ಹೊಸ ಗರಿಗೆ ಪ್ರತಿಮಾಡಿದರು. ತಂಜಾವೂರಿನ ಕಡೆಯ ಒಬ್ಬ ಪಂಡಿತರು ತಮ್ಮಲ್ಲಿದ್ದ ಓಲೆಯ ಕಟ್ಟನ್ನು ಮೈಸೂರಿನ ಪ್ರಾಚ್ಯ ಪುಸ್ತಕ ಭಂಡಾರಕ್ಕೆ ತಂದೊಪ್ಪಿಸಿದುದರಿಂದಲೇ, ಆರ್. ಶಾಮಶಾಸ್ತ್ರಿಗಳು ೧೯೦೯ರಲ್ಲಿ ಕೌಟಿಲ್ಯನ ಅರ್ಥಶಾಸ್ತ್ರವನ್ನು ಅಚ್ಚುಹಾಕಿಸಲು ಸಾಧ್ಯವಾಯಿತು. ಋಷಿಋಣವು ತೀರುವುದು ಅಧ್ಯಯನದಿಂದ ಎಂಬುದು ಶಾಸ್ತ್ರ. ಧ್ವನಿಯ ಋಣವು ತೀರುವುದು ಅದನ್ನು ಕೇಳುವುದರಿಂದಲೂ ಕೇಳಿಸುವುದರಿಂದಲೂ.

ಈ ಮಾತಿಗೆ ನನ್ನ ಅನುಭವವೇ ಪ್ರಮಾಣ. ಕಳೆದ ಬೇಸಗೆಯಲ್ಲಿ ಆ ಕ್ಯಾಸೆಟ್ಟನ್ನು ಮರಳಿ ಹಾಕಿದೆನು. ಆಟದ ಮುದ್ರಣವು ಪಟ್ಟಿಯ ಕೊನೆಯ ವರೆಗೂ ಹೋಗಿರಲಿಲ್ಲ. ಚಂಡೆಯ ಸದ್ದು ನಿಂತ ಮೇಲೆ, ಎರಡು ನಿಮಿಷದಷ್ಟು, ನನ್ನ ತಾಯಿಯ ಆರತಿಯ ಹಾಡಿನ ಕಡೆಯ ಭಾಗವು ಉಳಿದಿದ್ದಿತು. ನನ್ನ ಮಗಳು ಅದನ್ನು ತನ್ನ ಫೋನಿಗೆ ಇಳಿಸಿಕೊಂಡಳು. ಎಂಬತ್ತು ದಾಟಿದ ನನ್ನ ಚಿಕ್ಕಮ್ಮನ ಬಳಿಗೆ ಹೋಗಿ ಕೇಳಿಸಿದೆವು. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದರ ಮೊದಲು ಮೂರು ನುಡಿ ಉಂಟು” ಎಂದು ತಾನಾಗಿ ಹಾಡತೊಡಗಿದಳು. ಆ ಹಾಡು ತನಗೆ ಬರುವುದೆಂದು ಮೂವತ್ತು ವರ್ಷಗಳಿಂದ ಆಕೆಗೂ ನೆನಪಿರಲಿಲ್ಲವಂತೆ. ಅಳಿದುದೆಲ್ಲ ಬರಲಿಲ್ಲ, ತಾಯಿಯ ಕಂಠವಂತೂ ಆ ಎರಡು ನಿಮಿಷಗಳೇ. ಆದರೆ ಹಾಡು ಬಂದಿತು. ಧ್ವನಿಯು ಹೋದರೂ ಶಬ್ದವು ಎಲ್ಲಿಯೋ ಇದ್ದಿತೆಂಬ ಮೀಮಾಂಸಕರ ಮಾತಿಗೆ ನಾನು ಆ ದಿನ ತಲೆಬಾಗಿದೆನು. ಆದರೂ ವ್ಯಂಜಕವಾದ ಆ ಎರಡು ನಿಮಿಷದ ಧ್ವನಿಯಿಲ್ಲದಿದ್ದರೆ ಶಬ್ದವು ಪ್ರಕಟವಾಗುತ್ತಿರಲಿಲ್ಲವೆಂಬುದನ್ನೂ ಮರೆಯಲಾರೆ.

ಕ್ಯಾಸೆಟ್ಟಿನ ಬೆನ್ನಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಚಕ್ಕೆಗಳಿರುತ್ತವೆ. ಅವನ್ನು ಮುರಿದುಬಿಟ್ಟರೆ ಯಂತ್ರವು ಅದರ ಮೇಲೆ ಬೇರೊಂದನ್ನು ಮುದ್ರಿಸಲಾರದು. ನಾವಡರ ಆಟವನ್ನು ತಂದ ಮರುದಿನವೇ ನಾನು ಆ ಚಕ್ಕೆಗಳನ್ನು ಮುರಿದೆನು. ತಾಯಿಯ ಹಾಡಿನ ದಿನ ಆ ಬುದ್ಧಿ ಹೊಳೆದಿರಲಿಲ್ಲ. ಮನೆಯವರದು ಸದಾ ಇರುತ್ತದೆ, ಹೊರಗಿನದು ಮಾತ್ರ ಹೋಗುತ್ತದೆ ಎಂಬ ಭ್ರಮೆಯು ನನ್ನಲ್ಲಿ ಎಷ್ಟು ಬಲವಾಗಿತ್ತೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಡ.

ವಾಚಕ ಮಹಾಶಯರ ಮನೆಗಳ ಅಟ್ಟದಲ್ಲಿಯೂ ಇಂತಹ ಪೆಟ್ಟಿಗೆಗಳಿರಬಹುದು. ಮಳೆ ಹಿಡಿಯುವ ಮುನ್ನ ಒಮ್ಮೆ ತೆರೆದು ನೋಡಬೇಕೆಂದು ಬೇಡುವೆನು. ಬೂಷ್ಟು ಹಿಡಿದುದನ್ನು ಆತುರದಿಂದ ಯಂತ್ರಕ್ಕೆ ಹಾಕದೆ ತಿಳಿದವರಲ್ಲಿ ಕೊಡಿರಿ. ಯಾರು ಹಾಡಿದುದು, ಎಲ್ಲಿ, ಯಾವಾಗ ಎಂಬುದನ್ನು ಬರೆದಿಡಿರಿ. ಹೆಸರಿಲ್ಲದ ಧ್ವನಿಗೆ ವಾರಸುದಾರರಿಲ್ಲ. ಪ್ರತಿಮಾಡಿಸಿ ಎರಡು ಮೂರು ಮನೆಗಳಲ್ಲಿ ಇರಿಸಿರಿ. ಹಾಡಿದವರು ಇನ್ನೂ ಇದ್ದರೆ ಅವರ ಅನುಮತಿಯನ್ನು ಪಡೆಯಿರಿ. ಅವರ ಮುಂದೆ ಕುಳಿತು ಇನ್ನೊಮ್ಮೆ ಹಾಡಿಸಿರಿ. ಅವರು ಮನೆಯಲ್ಲಿಯೇ ಇದ್ದಾರಲ್ಲ, ನಾಳೆ ನೋಡೋಣ ಎಂದು ಮಾತ್ರ ಬಿಡಬೇಡಿರಿ.