ಡೀಸೆಲ್ ಜಾಗದಲ್ಲಿ ನೀರು

ಅನ್ನ ಬೆಂದಿದೆಯೇ ಅಂತ ತಿಳಿಯಲು ನಮ್ಮ ಅವ್ವಂದಿರು ಒಂದು ಅಗುಳು ಹಿಸುಕಿ ನೋಡುತ್ತಾರೆ. ಉರಿ ಇಷ್ಟು, ನೀರು ಇಷ್ಟು, ಬೆಂದಿರಲೇಬೇಕು ಅಂತ ಲೆಕ್ಕ ಹಾಕಿ ಬಡಿಸಿದರೆ ಉಣ್ಣುವವನ ಹಲ್ಲಿಗೆ ನಿಜ ಗೊತ್ತಾಗುತ್ತದೆ.

ಸೈನ್ಯಗಳು ಹೊಸ ಆಯುಧ ಕೊಳ್ಳುವ ಮುಂಚೆ ಕಂಪ್ಯೂಟರಿನಲ್ಲಿ ಅಣಕು ಯುದ್ಧ ನಡೆಸಿ ನೋಡುತ್ತವೆ. ಇದಕ್ಕೆ ಸಿಮ್ಯುಲೇಷನ್ ಅನ್ನುತ್ತಾರೆ. ಒಂದು ಗಾಡಿಯನ್ನೂ ಸುಡದೆ ಸಾವಿರ ಸಲ ಗುಂಡು ಹಾರಿಸಬಹುದು, ದುಡ್ಡು ಉಳಿಯುತ್ತದೆ. ಅದನ್ನು ನಾವು ಹೀಗಳೆಯುವುದಿಲ್ಲ. ನಮ್ಮ ಪ್ರಶ್ನೆಯೇ ಬೇರೆ. ಒಬ್ಬನ ಸಾವನ್ನು ಇನ್ನೊಬ್ಬ ಲೆಕ್ಕ ಹಾಕುವಾಗ, ಆ ಲೆಕ್ಕಕ್ಕೆ ಏನೇನು ಸೇರಬೇಕು ಅಂತ ತೀರ್ಮಾನ ಮಾಡೋರು ಯಾರು?

ಅಮೆರಿಕದ ಬ್ರಾಡ್ಲಿ ಗಾಡಿಯನ್ನೇ ತಗೊಳ್ಳಿ. 1980ರ ದಶಕದ ಆರಂಭದಲ್ಲಿ ಸೈನ್ಯಕ್ಕೆ ಬಂದ ಇದು ಕಾಲಾಳುಗಳನ್ನು ರಣರಂಗಕ್ಕೆ ಹೊತ್ತೊಯ್ಯುವ ಗಾಡಿ. ಮೈ ಅಲ್ಯೂಮಿನಿಯಂ. ಹೊಟ್ಟೆಯಲ್ಲಿ ಡೀಸೆಲ್, ಮದ್ದುಗುಂಡು, ಕ್ಷಿಪಣಿ. ಅವುಗಳ ಮಗ್ಗುಲಲ್ಲೇ ಜನ. ಪೆಂಟಗನ್ನಿನಲ್ಲಿದ್ದ ವಾಯುಪಡೆಯ ಕರ್ನಲ್ ಜೇಮ್ಸ್ ಬರ್ಟನ್ ಕೇಳಿದ್ದು ಇಷ್ಟೇ: ಯುದ್ಧಕ್ಕೆ ಹೋಗುವ ಹಾಗೇ ಎಲ್ಲ ತುಂಬಿ, ಸೋವಿಯತ್ ಆಯುಧಗಳಿಂದ ನಿಜವಾಗಿ ಹೊಡೆದು ನೋಡೋಣ. ಸೈನ್ಯದ ದೊಡ್ಡವರಿಗೆ ಇದು ಬೇಡವಾಗಿತ್ತು. ಕಂಪ್ಯೂಟರ್ ಲೆಕ್ಕ ಇದೆಯಲ್ಲ ಅಂದರು. ಮೊದಲ ಪರೀಕ್ಷೆಗಳಲ್ಲಿ ಇಂಧನದ ಟ್ಯಾಂಕಿಗೆ ನೀರು ತುಂಬಿದ್ದರು ಅಂತ ಬರ್ಟನ್ ಆಮೇಲೆ ಬರೆದರು. ನೀರಿಗೆ ಬೆಂಕಿ ಹತ್ತುತ್ತದೆಯೇ ಸ್ವಾಮಿ?

ಲೆಕ್ಕ ಸುಳ್ಳು ಹೇಳಿತು ಅನ್ನುವ ಹಾಗೂ ಇಲ್ಲ. ಕೇಳಿದ್ದಕ್ಕೆ ಅದು ಉತ್ತರ ಕೊಡುತ್ತದೆ. ತಗಡು ತೂತಾಗುತ್ತದೆಯೇ ಅಂದರೆ ತೂತಿನ ಮಾತನ್ನಷ್ಟೇ ಹೇಳುತ್ತದೆ. ತೂತಾದ ಮೇಲೆ ಒಳಗೆ ತುಂಬುವ ಹೊಗೆ, ಹತ್ತಿಕೊಳ್ಳುವ ಆವಿ, ಸಿಡಿಯುವ ಲೋಹದ ಚೂರು, ಬೆಂದ ಚರ್ಮ, ಇವನ್ನು ಕೇಳದವರಿಗೆ ಅದು ತಾನಾಗಿ ಹೇಳುವುದಿಲ್ಲ.

ಇದೆಲ್ಲ ಗೊತ್ತಿದ್ದವರು ಇರಲಿಲ್ಲವೇ? ಇದ್ದರು. ವಿಯಟ್ನಾಂ ಯುದ್ಧದಲ್ಲಿ ಬ್ರಾಡ್ಲಿಗಿಂತ ಹಿಂದಿನ ಗಾಡಿ ಎಂ-113, ಅದೂ ಅಲ್ಯೂಮಿನಿಯಮ್ಮಿನದೇ. ಒಳಗೆ ಕೂತು ನೆಲಬಾಂಬಿಗೆ ಸಿಕ್ಕರೆ ಏನಾಗುತ್ತೆ ಅಂತ ಕಂಡಿದ್ದ ಸಿಪಾಯಿಗಳು ಗಾಡಿಯ ನೆತ್ತಿ ಮೇಲೆ ಕೂತು ಹೋಗುತ್ತಿದ್ದರು. ಗುಂಡಿಗೆ ಎದೆಯೊಡ್ಡಿದರೂ ಸರಿ, ಒಳಗೆ ಮಾತ್ರ ಬೇಡ! ಅವರಲ್ಲಿ ಬಹುಪಾಲು ಬಡವರ, ಕೂಲಿಕಾರರ ಮಕ್ಕಳು. ಅವರ ಮೈಗೆ ಗೊತ್ತಿದ್ದದ್ದನ್ನು ವಿದ್ಯೆ ಅಂತ ಯಾರು ಕರೆದಾರು? ದುಡಿಯುವವನ ಅರಿವಿಗೆ ಯಾವ ದೇಶದಲ್ಲೂ ಮಣೆ ಹಾಕುವುದಿಲ್ಲ.

ಕೊನೆಗೆ 1986ರಲ್ಲಿ ಅಮೆರಿಕದ ಸಂಸತ್ತು ಕಾನೂನು ಮಾಡಿತು. ಇಂಥ ಗಾಡಿಗಳಲ್ಲಿ ಉರಿಯುವ, ಸಿಡಿಯುವ ಎಲ್ಲವನ್ನೂ ಯುದ್ಧದಲ್ಲಿರುವ ಹಾಗೇ ತುಂಬಿ, ಹೊಡೆದು ನೋಡಬೇಕು. ಅದಿಲ್ಲದೆ ಪೂರ್ಣ ಪ್ರಮಾಣದ ತಯಾರಿಕೆ ಇಲ್ಲ. ಖರ್ಚು ಮಿತಿಮೀರಿದರೆ ರಕ್ಷಣಾ ಮಂತ್ರಿ ವಿನಾಯಿತಿ ಕೊಡಬಹುದು ಎಂಬ ಕಿಂಡಿಯೂ ಅದರಲ್ಲಿದೆ. ಕಿಂಡಿಯಿಲ್ಲದ ಕಾನೂನು ಎಲ್ಲಿದೆ ಹೇಳಿ. ಬ್ರಾಡ್ಲಿಯೇನೋ ಬದಲಾಯಿತು. ಸಿಡಿಚೂರು ತಡೆಯುವ ಹೊದಿಕೆ ಒಳಗೆ ಬಂತು, ಮದ್ದುಗುಂಡಿನ ಜಾಗ ಬದಲಾಯಿತು. ಆದರೆ 1991ರ ಕೊಲ್ಲಿ ಯುದ್ಧದಲ್ಲಿ ನಾಶವಾದ ಬ್ರಾಡ್ಲಿಗಳಲ್ಲಿ ಹೆಚ್ಚಿನವನ್ನು ಹೊಡೆದದ್ದು ಇರಾಕಿನವರಲ್ಲ, ತಮ್ಮ ಕಡೆಯವರೇ.

ಇಷ್ಟೂ ಗಾಡಿಯೊಳಗೆ ಕೂತವರ ಮಾತಾಯಿತು. ಆ ಕಾನೂನು ಕೇಳುವುದು ಎರಡೇ ಪ್ರಶ್ನೆ: ಒಳಗಿದ್ದವರು ಉಳಿಯುತ್ತಾರೆಯೇ, ಎದುರಿನ ಗುರಿ ನಾಶವಾಗುತ್ತದೆಯೇ. ಗುರಿಯ ಪಕ್ಕದ ಮನೆಯಲ್ಲಿ ಒಲೆ ಹೊತ್ತಿಸಿಕೊಂಡು ಕೂತವಳನ್ನು ಕಂಪ್ಯೂಟರೂ ಕೇಳುವುದಿಲ್ಲ, ಕಾನೂನೂ ಕೇಳುವುದಿಲ್ಲ.