ಯಂತ್ರದ ಲೆಕ್ಕ, ಯಜಮಾನನ ಹೊಣೆ

ಹಿಂದೆ ವರ್ತಕನು ಮಳೆಬೆಳೆಗಳನ್ನೂ ಪೇಟೆಯ ಧಾರಣೆಯನ್ನೂ ನೋಡಿ ಮನಸ್ಸಿನಲ್ಲಿಯೇ ಮುಂದಿನ ಲಾಭನಷ್ಟಗಳನ್ನು ಎಣಿಸುತ್ತಿದ್ದನು. ಈಗ ಗಣಕಯಂತ್ರವು ನಡೆದುಹೋದ ಅಸಂಖ್ಯ ವ್ಯವಹಾರಗಳಿಂದ ವ್ಯಾಪಾರದ ಪ್ರತಿಕೃತಿಯೊಂದನ್ನು ರಚಿಸಿ, ಹೀಗೆ ಮಾಡಿದರೆ ಹೀಗಾದೀತೆಂದು ತಿಳಿಸುತ್ತದೆ. ಆ ಮಾತನ್ನು ನಂಬಿ ಕೆಟ್ಟರೆ ಹೊಣೆ ಯಾರದು?

ಅಮೆರಿಕದ ಜಿಲ್ಲೋ ಕಂಪೆನಿಯು 2018ರಲ್ಲಿ ತಾನೇ ಮನೆಗಳನ್ನು ಕೊಂಡು ಮಾರುವ ಉದ್ಯಮಕ್ಕೆ ಕೈಹಾಕಿತು. ಮುಂದೆ ಬರತಕ್ಕ ಬೆಲೆಯನ್ನು ಯಂತ್ರದ ನೆರವಿನಿಂದ ಊಹಿಸಿ ಕ್ರಯವನ್ನು ಗೊತ್ತುಮಾಡುವುದು ಅದರ ಕ್ರಮ. ಊಹೆಯು ತಪ್ಪಿತು. ಮೂರೇ ತಿಂಗಳ ಲೆಕ್ಕದಲ್ಲಿ, ಕೊಂಡ ಮನೆಗಳ ಮೌಲ್ಯದಿಂದ 30 ಕೋಟಿ ಡಾಲರಿಗೂ ಮಿಕ್ಕ ಮೊತ್ತವನ್ನು ಕಳೆಯಬೇಕಾಯಿತು. 2021ರ ನವೆಂಬರಿನಲ್ಲಿ ಕಂಪೆನಿಯು ಆ ಉದ್ಯಮವನ್ನು ಮುಚ್ಚುವುದಾಗಿಯೂ ನೌಕರರಲ್ಲಿ ಸುಮಾರು ಕಾಲುಪಾಲು ಜನರನ್ನು ಬಿಡುವುದಾಗಿಯೂ ಸಾರಿತು.

ಯಂತ್ರವು ಸುಳ್ಳಾಡಲಿಲ್ಲ, ಅದು ಬಲ್ಲುದು ನಿನ್ನೆಯನ್ನು ಮಾತ್ರ. ನಾಳೆಯೂ ಹಾಗೆಯೇ ಇದ್ದೀತೆಂದು ನಂಬಿದವನೂ, ಆ ನಂಬಿಕೆಯ ಮೇಲೆ ಹಣವನ್ನು ಹೂಡಿದವನೂ ಮನುಷ್ಯನೇ. ಮಂತ್ರಿಯು ಸಲಹೆ ಕೊಡಬಹುದು. ಆಜ್ಞೆಯ ಫಲವು ಅರಸನದೇ. ಊಹೆ ತಪ್ಪಿದರೆ ಹಾನಿಯೆಷ್ಟೆಂದು ಅದೇ ಯಂತ್ರದಿಂದ ಲೆಕ್ಕ ಹಾಕಿಸಬಹುದು. ಆ ಹಾನಿಯಿಂದ ಯಾರ ಮನೆಯ ಒಲೆಯು ಆರೀತೆಂಬುದನ್ನು ಮಾತ್ರ ಯಜಮಾನನು ತಾನೇ ಕೇಳಿಕೊಳ್ಳಬೇಕು. ಪರರ ಅನ್ನವು ತನ್ನ ನಿರ್ಣಯವನ್ನು ನೆಚ್ಚಿಕೊಂಡಿರುವಾಗ, ಯಂತ್ರವು ಹೇಳಿತೆಂಬುದು ಕಾರಣವಾದೀತೇ ಹೊರತು ಸಮಾಧಾನವಾಗಲಾರದು.