ಒಂದು ತುತ್ತಿನ ತೀರ್ಪು

ಪ್ರೀತಿಯಿಂದ ಮಾಡುವ ಕೆಲಸವೊಂದನ್ನು ಸ್ಪರ್ಧೆಗೆ ಒಡ್ಡಿದಾಗ ಆ ಕೆಲಸಕ್ಕೆ ಏನಾಗುತ್ತದೆ? ಪುಟಕ್ಕಿಟ್ಟ ಚಿನ್ನದಂತೆ ಅದು ಶುದ್ಧವಾಗುತ್ತದೆಯೇ? ಅಥವಾ ಅದರೊಳಗಿನ ಪ್ರೀತಿಯೇ ಆವಿಯಾಗಿಬಿಡುತ್ತದೆಯೇ? ಗುರುಮಠದ ತತ್ವಶಾಸ್ತ್ರದ ತರಗತಿಯಲ್ಲಿ ಹೊಳೆಯದ ಈ ಪ್ರಶ್ನೆ ನನಗೆ ಎದುರಾದದ್ದು ಅಮೆರಿಕದ ಮಿಸ್ಸೌರಿ ರಾಜ್ಯದ ಒಂದು ಮನೆಯ ಹಿತ್ತಲಿನಲ್ಲಿ, ಮಾಂಸ ಬೇಯುತ್ತಿದ್ದ ಒಲೆಯ ಪಕ್ಕದಲ್ಲಿ.

2008ರಿಂದ ಮೂರು ವರ್ಷ ನಾನು ಕ್ಯಾನ್ಸಸ್ ಸಿಟಿಗೆ ಸಮೀಪದ ಒಂದು ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದೆ. ಅಲ್ಲಿ ನನಗೆ ಆತ್ಮೀಯವಾದ ಕುಟುಂಬವೊಂದಿತ್ತು. ಮನೆಯ ಯಜಮಾನರು ಲಾರಿ ದುರಸ್ತಿ ಮಾಡುವವರು. ಶನಿವಾರ ಬಂತೆಂದರೆ ಹಿತ್ತಲಿನಲ್ಲಿದ್ದ ಕಬ್ಬಿಣದ ಒಲೆಗೆ ಓಕ್ ಅಥವಾ ಹಿಕರಿ ಮರದ ಕೊರಡುಗಳನ್ನು ಹಾಕಿ ಬಾರ್ಬೆಕ್ಯೂ ಮಾಡುತ್ತಿದ್ದರು. ಕೆಂಡದ ಮೇಲೆ ಬೇಗಬೇಗನೆ ಸುಡುವುದನ್ನು ಆ ಸೀಮೆಯವರು ಬಾರ್ಬೆಕ್ಯೂ ಎನ್ನುವುದಿಲ್ಲ. ಸುಮಾರು 110 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ, ಹೊಗೆಯ ನಡುವೆ, ಗಂಟೆಗಟ್ಟಲೆ ಬೇಯಬೇಕು. ದನದ ಎದೆಭಾಗದ ಬ್ರಿಸ್ಕೆಟ್ ಎಂಬ ಗಟ್ಟಿಮಾಂಸಕ್ಕೆ ಹನ್ನೆರಡು ಗಂಟೆಯಾದರೂ ಬೇಕು. ನಡುವೆ ಮಾಂಸದ ಒಳಗಿನ ಉಷ್ಣತೆ 70 ಡಿಗ್ರಿಯ ಆಸುಪಾಸಿನಲ್ಲಿ ಏರದೆ ನಿಂತುಬಿಡುತ್ತದೆ. ಬೆವರು ನಮ್ಮ ಮೈಯನ್ನು ತಂಪಾಗಿಸುವಂತೆ ಮೇಲ್ಮೈಯ ತೇವ ಆವಿಯಾಗುತ್ತಾ ಮಾಂಸವನ್ನು ತಂಪಾಗಿಸುವುದೇ ಇದಕ್ಕೆ ಕಾರಣ. ಆತುರಪಟ್ಟವನು ಆಗ ಉರಿ ಹೆಚ್ಚಿಸಿ ಕೆಡಿಸುತ್ತಾನೆ, ತಾಳ್ಮೆಯುಳ್ಳವನು ಕಾಯುತ್ತಾನೆ. ಕೊನೆಗೆ 95 ಡಿಗ್ರಿಯ ಹತ್ತಿರ ಬಂದಾಗ ಗಟ್ಟಿ ನಾರುಗಳ ನಡುವಿನ ಅಂಟು ಕರಗಿ ಮಾಂಸ ಮೃದುವಾಗುತ್ತದೆ.

ಇದು ಬಡವರ ಜಾಣ್ಮೆಯಿಂದ ಬೆಳೆದ ಅಡುಗೆ. ಅಮೆರಿಕದ ದಕ್ಷಿಣದಲ್ಲಿ ಗುಲಾಮಗಿರಿಯ ಕಾಲದಲ್ಲಿ ರಾತ್ರಿಯಿಡೀ ಬೆಂಕಿ ಕಾದವರು ಕಪ್ಪು ಜನರು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕ್ಯಾನ್ಸಸ್ ಸಿಟಿಯಲ್ಲಿ ಈ ವ್ಯಾಪಾರಕ್ಕೆ ಅಡಿಪಾಯ ಹಾಕಿದ ಹೆನ್ರಿ ಪೆರ್ರಿಯವರೂ ಕಪ್ಪು ಜನಾಂಗದವರೇ. ಯಾರಿಗೂ ಬೇಡವಾದ ಗಟ್ಟಿ ತುಂಡನ್ನು ತಾಳ್ಮೆಯಿಂದ ಹಬ್ಬದೂಟವಾಗಿಸುವುದು ಈ ವಿದ್ಯೆಯ ಹುಟ್ಟುಗುಣ.

ನಮ್ಮ ಗೆಳೆಯರ ಮನೆಯ ಬೇಲಿಯಾಚೆ ಎಂಬತ್ತು ದಾಟಿದ ಅಜ್ಜಿಯೊಬ್ಬರು ಒಂಟಿಯಾಗಿ ವಾಸಿಸುತ್ತಿದ್ದರು. ಅವರ ಹಲ್ಲು ಗಟ್ಟಿಯಿರಲಿಲ್ಲ. ಆದ್ದರಿಂದ ಅವರ ಪಾಲಿನ ಹಂದಿಯ ಪಕ್ಕೆಲುಬನ್ನು ಇವರು ಇನ್ನೊಂದು ಗಂಟೆ ಹೆಚ್ಚು ಬೇಯಿಸುತ್ತಿದ್ದರು. ಎಲುಬನ್ನು ಎತ್ತಿದರೆ ಮಾಂಸ ತಾನಾಗಿ ಕಳಚಿ ಬೀಳುವಷ್ಟು ಮೆತ್ತಗಾದ ಮೇಲೆ ತಟ್ಟೆಯಲ್ಲಿಟ್ಟು ಬೇಲಿಯ ಮೇಲಿಂದ ಕೊಡುತ್ತಿದ್ದರು. ಈ ತಟ್ಟೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕೆಂದು ಕೋರುತ್ತೇನೆ.

ಡಬ್ಬಿಯೊಳಗಿನ ಆರು ತುಂಡು

ತಿಂದವರೆಲ್ಲ ಹೊಗಳುತ್ತಿದ್ದರು. ‘ನೀವು ಸ್ಪರ್ಧೆಗೆ ಹೋಗಬೇಕು’ ಎನ್ನುತ್ತಿದ್ದರು. ಅಲ್ಲಿ ಅದು ಬರಿಯ ಬಾಯಿಮಾತಲ್ಲ. ಮೆಂಫಿಸ್ ನಗರದ ದೊಡ್ಡ ಸ್ಪರ್ಧೆ 1978ರಲ್ಲಿ, ಕ್ಯಾನ್ಸಸ್ ಸಿಟಿಯ ‘ಅಮೆರಿಕನ್ ರಾಯಲ್’ ಸ್ಪರ್ಧೆ 1980ರಲ್ಲಿ ಆರಂಭವಾದವು. 1985ರಲ್ಲಿ ಹುಟ್ಟಿದ ಕ್ಯಾನ್ಸಸ್ ಸಿಟಿ ಬಾರ್ಬೆಕ್ಯೂ ಸೊಸೈಟಿಯ ನಿಯಮಗಳಂತೆ ದೇಶದ ನಾನಾ ಊರುಗಳಲ್ಲಿ ಪಂದ್ಯಗಳು ನಡೆಯುತ್ತವೆ. 2009ರಲ್ಲಿ ನಮ್ಮ ಗೆಳೆಯರೂ ಹೆಸರು ಕೊಟ್ಟರು.

ಆ ನಿಯಮಗಳ ಕಟ್ಟುನಿಟ್ಟು ನನಗೆ ಅಚ್ಚರಿ ತಂದಿತು. ಕೋಳಿ, ಹಂದಿಯ ಪಕ್ಕೆಲುಬು, ಹಂದಿಮಾಂಸ, ಬ್ರಿಸ್ಕೆಟ್ ಹೀಗೆ ನಾಲ್ಕು ಬಗೆ. ಹಸಿ ಮಾಂಸವನ್ನು ಮೊದಲೇ ಪರೀಕ್ಷಿಸುತ್ತಾರೆ. ಅದಕ್ಕೂ ಮುನ್ನ ಉಪ್ಪುಖಾರ ಸವರುವಂತಿಲ್ಲ. ಕಟ್ಟಿಗೆ ಅಥವಾ ಇದ್ದಿಲೇ ಇರಬೇಕು, ಗ್ಯಾಸ್ ಒಲೆ ಸಲ್ಲದು. ಗೊತ್ತಾದ ಸಮಯಕ್ಕಿಂತ ಐದು ನಿಮಿಷದ ಮೇಲೆ ತಡವಾದರೆ ಇಡೀ ರಾತ್ರಿಯ ಶ್ರಮ ವ್ಯರ್ಥ. ಕನಿಷ್ಠ ಆರು ತುಂಡುಗಳನ್ನು ಬಿಳಿಯ ಡಬ್ಬಿಯೊಂದರಲ್ಲಿ ಜೋಡಿಸಿ ಕೊಡಬೇಕು. ಡಬ್ಬಿಯ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ಆರು ಮಂದಿ ತೀರ್ಪುಗಾರರು ಮಾತಿಲ್ಲದೆ ಕುಳಿತು ನೋಟ, ರುಚಿ, ಮೃದುತ್ವಗಳಿಗೆ ಅಂಕ ಕೊಡುತ್ತಾರೆ. 9 ಉತ್ಕೃಷ್ಟ, 2 ತಿನ್ನಲಾಗದ್ದು. ಯಾರದೋ ಒಬ್ಬರ ಮುನಿಸು ಅನ್ಯಾಯ ಮಾಡದಿರಲೆಂದು ಅತಿ ಕಡಿಮೆ ಅಂಕವನ್ನು ಕೈಬಿಡುತ್ತಾರೆ.

ಮೊದಲ ಪಂದ್ಯದಲ್ಲಿ ಇವರ ಬ್ರಿಸ್ಕೆಟ್‌ಗೆ 5, 6 ಅಂಕಗಳು ಬಂದವು. ಸಾಧಾರಣ, ಅದಕ್ಕಿಂತಲೂ ಕೆಳಗೆ! ಒಂದು ವಾರ ಅವರು ಮಂಕಾಗಿದ್ದರು. ಆಮೇಲೆ ನನ್ನೊಡನೆ ಹೇಳಿದರು: “ಫಾದರ್, ಹದಿನೈದು ವರ್ಷಗಳಲ್ಲಿ ನನಗೆ ಸುಳ್ಳು ಹೇಳದ ಮೊದಲ ಮನುಷ್ಯರು ಅವರೇ.”

ಈ ಮಾತನ್ನು ನಾವು ಹಗುರವಾಗಿ ಕಾಣಬಾರದು. ಉಣ್ಣಲು ಬಂದ ಅತಿಥಿ ಅಡುಗೆಯನ್ನು ಹೊಗಳುವುದು ಸೌಜನ್ಯ. ಆದರೆ ಸೌಜನ್ಯವನ್ನೇ ಸತ್ಯವೆಂದು ನಂಬಿದವನು ಬೆಳೆಯಲಾರ. ನಮ್ಮ ಮುಖ ನೋಡದೆ, ಹೆಸರು ಕೇಳದೆ, ನಾವು ಮಾಡಿದ್ದನ್ನಷ್ಟೇ ತೂಗುವ ಕಣ್ಣಿನ ಮುಂದೆ ನಿಲ್ಲುವುದಕ್ಕೆ ಧೈರ್ಯವೂ ಬೇಕು, ವಿನಯವೂ ಬೇಕು. ಸ್ಪರ್ಧೆ ಅಹಂಕಾರದ ಶಾಲೆಯೆಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಸೋತವರಿಗೆ ಅದು ನಮ್ರತೆಯ ಶಾಲೆಯೂ ಹೌದು.

ಒಳಗಿನ ಫಲ, ಹೊರಗಿನ ಫಲ

ತತ್ವಜ್ಞಾನಿ ಅಲಸ್ಡೇರ್ ಮ್ಯಾಕಿಂಟೈರ್ 1981ರಲ್ಲಿ ಪ್ರಕಟಿಸಿದ ‘ಆಫ್ಟರ್ ವರ್ಚ್ಯೂ’ ಕೃತಿಯಲ್ಲಿ ಒಂದು ಉದಾಹರಣೆ ಕೊಡುತ್ತಾರೆ. ಚದುರಂಗದಲ್ಲಿ ಆಸಕ್ತಿಯಿಲ್ಲದ ಮಗುವಿಗೆ ಮಿಠಾಯಿಯ ಆಸೆ ತೋರಿಸಿ ಆಡಲು ಕಲಿಸಲಾಗುತ್ತದೆ. ಮಿಠಾಯಿಯೊಂದೇ ಗುರಿಯಾಗಿರುವತನಕ ಆ ಮಗು ಮೋಸ ಮಾಡದಿರಲು ಯಾವ ಕಾರಣವೂ ಇಲ್ಲ. ಆದರೆ ಆಟದೊಳಗೇ ಇರುವ ಆನಂದ, ಅಂದರೆ ಸೂಕ್ಷ್ಮ ಲೆಕ್ಕಾಚಾರ, ಕಲ್ಪನೆ, ಚಾತುರ್ಯ ಇವುಗಳ ರುಚಿ ಹತ್ತಿದ ದಿನದಿಂದ ಮೋಸ ಮಾಡಿದರೆ ಅದು ಎದುರಾಳಿಗಲ್ಲ, ತನಗೇ ಸೋಲು. ಹೀಗೆ ಮನುಷ್ಯನ ಸಾಧನೆಗಳಲ್ಲಿ ಒಳಗಿನ ಫಲ, ಹೊರಗಿನ ಫಲ ಎಂಬ ಎರಡು ಬಗೆಗಳಿವೆ. ಹಣ, ಪದವಿ, ಕೀರ್ತಿಗಳು ಹೊರಗಿನವು. ಒಬ್ಬನಿಗೆ ದಕ್ಕಿದರೆ ಇನ್ನೊಬ್ಬನಿಗೆ ಕಡಿಮೆ. ಒಳಗಿನ ಫಲವಾದರೋ ಒಬ್ಬ ಗಳಿಸಿದರೂ ಆ ಕಲೆಯಲ್ಲಿ ತೊಡಗಿದವರೆಲ್ಲರಿಗೂ ಸಂಪತ್ತು. ಮತ್ತೊಂದು ಮಾತನ್ನೂ ಅವರು ಸೇರಿಸುತ್ತಾರೆ: ಯಾವುದೇ ಕಲೆಗೆ ಕಾಲಿಡುವವನು ಅದರ ಮಾನದಂಡಗಳಿಗೆ ತಲೆಬಾಗಿ, ತನ್ನ ಕೊರತೆಯನ್ನು ಒಪ್ಪಿಕೊಳ್ಳಬೇಕು.

ನಮ್ಮ ಗೆಳೆಯರು ಟ್ರೋಫಿಯ ಆಸೆಗೆ ಬಿದ್ದರು ಎಂದು ನಾನು ಹೇಳಲಾರೆ. ಅವರಿಗೆ ಬೇಕಾಗಿದ್ದುದು ಒಳಗಿನ ಫಲವೇ. ಅವರು ನಿಜವಾಗಿಯೂ ಹೆಚ್ಚು ಚೆನ್ನಾಗಿ ಅಡುಗೆ ಮಾಡಲು ಕಲಿತರು. ಹಾಗಿದ್ದರೂ ಏನೋ ಒಂದು ಕಳೆದುಹೋಯಿತು. ಅದೇನೆಂದು ಮ್ಯಾಕಿಂಟೈರರ ವಿಂಗಡಣೆಯಿಂದ ಮಾತ್ರ ನನಗೆ ತಿಳಿಯಲಿಲ್ಲ.

ತೀರ್ಪುಗಾರನ ಮುಂದೆ ಹಲವಾರು ಡಬ್ಬಿಗಳು ಬರುತ್ತವೆ. ಪ್ರತಿಯೊಂದರಿಂದಲೂ ಆತ ಒಂದೆರಡು ತುತ್ತು ಮಾತ್ರ ತಿನ್ನುತ್ತಾನೆ. ಆದ್ದರಿಂದ ಆ ಒಂದು ತುತ್ತಿನಲ್ಲೇ ಸಿಹಿ, ಉಪ್ಪು, ಖಾರ, ಹೊಗೆ ಎಲ್ಲವೂ ತುಂಬಿರಬೇಕು. ಹೊಟ್ಟೆತುಂಬ ಉಣ್ಣಲು ಹೋದರೆ ಅದೇ ಅಡುಗೆ ಮುಖಕ್ಕೆ ಹೊಡೆಯುತ್ತದೆ. ಕೋಳಿತೊಡೆಗಳೆಲ್ಲ ಒಂದೇ ಅಳತೆಯಲ್ಲಿರಲೆಂದು ಅವುಗಳನ್ನು ಕತ್ತರಿಸಿ, ಚರ್ಮದಡಿಯ ಕೊಬ್ಬನ್ನು ಕೆರೆದು ತೆಗೆಯುತ್ತಾ ಅವರು ಶುಕ್ರವಾರಗಳನ್ನು ಕಳೆದರು. ಶುಕ್ರವಾರ ಹೊರಟವರು ಮರಳುತ್ತಿದ್ದುದು ಶನಿವಾರ ರಾತ್ರಿ. ಒಮ್ಮೆ ಅವರ ಹನ್ನೊಂದು ವರ್ಷದ ಮಗಳು ನನ್ನೊಡನೆ ಯಾವ ದೂರೂ ಇಲ್ಲದೆ ಹೇಳಿದಳು: “ಡ್ಯಾಡಿಯ ಅಡುಗೆ ಈಗ ಡಬ್ಬಿಗೆ ಹೋಗುತ್ತದೆ, ಫಾದರ್. ನಾವು ಪಿಟ್ಸಾ ತರಿಸುತ್ತೇವೆ.”

ಇನ್ನು ಬೇಲಿಯಾಚೆಯ ತಟ್ಟೆಯ ಕಥೆ. ಆ ಸ್ಪರ್ಧೆಗಳ ಮಾನದಂಡದಂತೆ ಎಲುಬಿನಿಂದ ತಾನಾಗಿ ಕಳಚಿ ಬೀಳುವ ಪಕ್ಕೆಮಾಂಸ ಅತಿಯಾಗಿ ಬೆಂದದ್ದು, ಅಂದರೆ ದೋಷ. ಕಚ್ಚಿದಾಗ ಹಲ್ಲಿನ ಗುರುತು ಅಚ್ಚಾಗಿ ಉಳಿಯಬೇಕು. ಅಜ್ಜಿಗೆ ಯಾವುದು ವರವೋ ತೀರ್ಪುಗಾರನಿಗೆ ಅದೇ ತಪ್ಪು. ಮಾನದಂಡ ಸುಳ್ಳೆಂದು ನಾನು ಹೇಳುತ್ತಿಲ್ಲ. ಆ ಗುರುತು ಮೂಡುವಂತೆ ಬೇಯಿಸಲು ಬಹಳ ಹದ ಬೇಕು. ಆದರೆ ಆ ಮಾನದಂಡಕ್ಕೆ ಯಾರ ಹಲ್ಲಿನ ಪರಿಚಯವೂ ಇಲ್ಲ. ಹೆಸರಿಲ್ಲದ ಡಬ್ಬಿ ನ್ಯಾಯವನ್ನು ಕಾಪಾಡುತ್ತದೆ ನಿಜ. ಆದರೆ ಅದನ್ನು ಕೊಡುವವನಿಗೆ ಉಣ್ಣುವವರ ಹೆಸರೂ ತಿಳಿದಿರುವುದಿಲ್ಲ. ನ್ಯಾಯಕ್ಕೆ ಕುರುಡುತನ ಬೇಕು. ಪ್ರೀತಿಗೆ ಕಣ್ಣು ಬೇಕು.

2011ರ ಜನವರಿಯಲ್ಲಿ ಆ ಅಜ್ಜಿ ತೀರಿಕೊಂಡರು. ಅಂತ್ಯಕ್ರಿಯೆಯಾದ ಸಂಜೆ ನಮ್ಮ ಗೆಳೆಯರು ಅಡುಗೆಮನೆಯ ಮೇಜಿನ ಬಳಿ ಕುಳಿತು ಲೆಕ್ಕ ಹಾಕುತ್ತಿದ್ದರು. ಹಿಂದಿನ ಬೇಸಿಗೆಯಿಂದೀಚೆಗೆ ಬೇಲಿ ದಾಟಿ ಹೋದ ತಟ್ಟೆಗಳು ಎರಡು. “ಅವರು ಒಮ್ಮೆಯೂ ಕೇಳಲಿಲ್ಲ” ಎಂದಷ್ಟೇ ಹೇಳಿದರು. ಅವರು ಯಾವ ತಪ್ಪನ್ನೂ ಮಾಡಿರಲಿಲ್ಲ. ಅಜ್ಜಿಗೆ ಊಟ ಕೊಡುವುದು ಅವರ ಕರ್ತವ್ಯವೂ ಆಗಿರಲಿಲ್ಲ. ಸಮಾಧಾನ ಹೇಳಬಹುದಿತ್ತು, ಆದರೆ ನಾನು ಸುಮ್ಮನಿದ್ದೆ. ಕೆಲವು ನಷ್ಟಗಳಿಗೆ ಅಪರಾಧಿಗಳಿರುವುದಿಲ್ಲ. ಆದರೂ ಅವು ನಷ್ಟಗಳೇ.

ಜಾಪ್ಲಿನ್‌ನಲ್ಲಿ

ಅದೇ ವರ್ಷ ಮೇ 22ರಂದು ಮಿಸ್ಸೌರಿಯ ಜಾಪ್ಲಿನ್ ನಗರಕ್ಕೆ ಭೀಕರ ಸುಂಟರಗಾಳಿ ಅಪ್ಪಳಿಸಿ ಸುಮಾರು 160 ಜನ ಮಡಿದರು. ಸಾವಿರಾರು ಮನೆಗಳು ನೆಲಸಮವಾದವು. ಆಗ ನಡೆದದ್ದನ್ನು ಅಮೆರಿಕದ ಬಾರ್ಬೆಕ್ಯೂ ಲೋಕ ಇಂದಿಗೂ ಸ್ಮರಿಸುತ್ತದೆ. ವಾರವಾರವೂ ಪರಸ್ಪರ ಸೆಣಸುತ್ತಿದ್ದ ಸ್ಪರ್ಧಿಗಳು ತಮ್ಮ ಒಲೆಗಳನ್ನು ವಾಹನಗಳಿಗೆ ಕಟ್ಟಿ ಎಳೆದುಕೊಂಡು ಅಲ್ಲಿಗೆ ಬಂದರು. ಹದಿಮೂರು ದಿನಗಳಲ್ಲಿ ಸುಮಾರು 1,20,000 ಊಟಗಳನ್ನು ಬಡಿಸಿದರು. ‘ಆಪರೇಷನ್ ಬಿಬಿಕ್ಯೂ ರಿಲೀಫ್’ ಎಂಬ ಸೇವಾಸಂಸ್ಥೆ ಹುಟ್ಟಿದ್ದು ಹೀಗೆ. ಅದು ಅಂದಿನಿಂದ ಅನೇಕ ವಿಪತ್ತುಗಳಲ್ಲಿ ಹಸಿದವರಿಗೆ ಬಿಸಿಯೂಟ ಒದಗಿಸಿದೆ.

ನಮ್ಮ ಗೆಳೆಯರೂ ಒಲೆಯೊಂದಿಗೆ ಹೋಗಿ ಆರು ದಿನ ಅಲ್ಲಿದ್ದರು. ಮರಳಿ ಬಂದ ಮೇಲೆ ಅವರು ಹೇಳಿದ್ದು ಒಬ್ಬ ಮುದುಕನ ಬಗ್ಗೆ. ಮನೆಯಲ್ಲಿ ಉಳಿದಿದ್ದುದು ಮುಂಬಾಗಿಲಿನ ಮೆಟ್ಟಿಲುಗಳು ಮಾತ್ರ. ಅವುಗಳ ಮೇಲೆ ಕುಳಿತು ಆತ ತಟ್ಟೆಯನ್ನು ಪೂರ್ತಿ ಖಾಲಿ ಮಾಡಿ, ಇನ್ನಷ್ಟು ಮೆತ್ತಗಿರುವುದು ಸಿಗಬಹುದೇ ಎಂದು ಕೇಳಿದನಂತೆ. ಅವನ ಕಟ್ಟುಹಲ್ಲು ಅವಶೇಷಗಳಡಿ ಎಲ್ಲೋ ಹೂತುಹೋಗಿತ್ತು. “ಮರುದಿನ ಒಂದು ಪಾಲನ್ನು ಹೆಚ್ಚು ಹೊತ್ತು ಬೇಯಿಸಿದೆ, ಫಾದರ್” ಎಂದು ಹೇಳುವಾಗ ಅವರ ಕಣ್ಣು ತುಂಬಿತ್ತು.

ಇಲ್ಲಿ ನಾವು ಅವಸರದ ತೀರ್ಮಾನಕ್ಕೆ ಬರಬಾರದು. ಹಿತ್ತಲಿನ ಅಡುಗೆಯಷ್ಟನ್ನೇ ಬಲ್ಲವರು ಆ ಹಸಿವಿನ ಸಮುದ್ರದ ಮುಂದೆ ಕೈಚೆಲ್ಲುತ್ತಿದ್ದರು. ರಾತ್ರಿಯಿಡೀ ಬೆಂಕಿಯನ್ನು ಒಂದೇ ಹದದಲ್ಲಿ ಕಾಯುವುದು, ನಿಮಿಷ ತಪ್ಪದೆ ಬಡಿಸುವುದು, ಅಪರಿಚಿತ ಬಯಲಿನಲ್ಲಿ ಶುಚಿಯಾಗಿ ಅಡುಗೆ ಮಾಡುವುದು, ಇವನ್ನೆಲ್ಲ ಅವರಿಗೆ ಕಲಿಸಿದ್ದು ಸ್ಪರ್ಧೆಯ ಕಣವೇ. ಕಣದಲ್ಲಿ ಕಲಿತ ಕೌಶಲ ಮರಳಿ ತಟ್ಟೆಯ ಕಡೆಗೆ ತಿರುಗಿದಾಗ ಸಾರ್ಥಕವಾಯಿತು.

ಕೆಂಟುಕಿ ರಾಜ್ಯದ ಓವೆನ್ಸ್‌ಬರೊ ನಗರದಲ್ಲಿ ಇದಕ್ಕೆ ಇನ್ನೊಂದು ನಿದರ್ಶನವಿದೆ. ಅಲ್ಲಿನ ಕಥೋಲಿಕ ಧರ್ಮಕೇಂದ್ರಗಳು ಬೇಸಿಗೆಯಲ್ಲಿ ಕುರಿಮಾಂಸದ ಬಾರ್ಬೆಕ್ಯೂ ಮಾಡಿ ನೆರೆಹೊರೆಯವರಿಗೆಲ್ಲ ಬಡಿಸುವುದು ಹಳೆಯ ಸಂಪ್ರದಾಯ. 1979ರಲ್ಲಿ ಆರಂಭವಾದ ನಗರದ ಬಾರ್ಬೆಕ್ಯೂ ಉತ್ಸವದಲ್ಲಿ ಈ ಧರ್ಮಕೇಂದ್ರಗಳ ತಂಡಗಳೇ ದಶಕಗಳ ಕಾಲ ಪರಸ್ಪರ ಸ್ಪರ್ಧಿಸಿದವು. ಸೇರಿದ ಜನರೂ ಆ ತಂಡಗಳ ಅಡುಗೆಯನ್ನೇ ಕೊಂಡು ಉಣ್ಣುತ್ತಿದ್ದರು. ಪೈಪೋಟಿಯಿತ್ತು, ಊಟವೂ ಇತ್ತು.

ನಮ್ಮ ಗೆಳೆಯರು ಸ್ಪರ್ಧೆಗಳನ್ನು ಬಿಟ್ಟಿಲ್ಲ. ವರ್ಷಕ್ಕೆ ಎರಡಕ್ಕೆ ಮಾತ್ರ ಹೋಗುತ್ತಾರೆ. ಉಳಿದ ಶನಿವಾರಗಳಲ್ಲಿ ಹಿತ್ತಲಿನ ಒಲೆ ಉರಿಯುತ್ತದೆ. ಬೇಲಿಯಾಚೆಯ ಮನೆಗೆ ಈಗ ಬೇರೆಯವರು ಬಂದಿದ್ದಾರೆ. ಅವರಿಗೂ ತಟ್ಟೆ ಹೋಗುತ್ತದೆಯಂತೆ. ಆದರೆ ಅಜ್ಜಿಗೆ ಸಲ್ಲದೆ ಹೋದ ತಟ್ಟೆಗಳು ಸಲ್ಲದೆಯೇ ಉಳಿದಿವೆ.

ಪ್ರಿಯ ಓದುಗರೇ, ನಮ್ಮ ಮಕ್ಕಳ ಹಾಡು, ನೃತ್ಯ, ಚಿತ್ರಗಳನ್ನು ನಾವೂ ಸ್ಪರ್ಧೆಗಳಿಗೆ ಕಳುಹಿಸುತ್ತೇವೆ. ಕಳುಹಿಸೋಣ, ಸತ್ಯವನ್ನು ಹೇಳುವ ತೀರ್ಪುಗಾರರು ಅವರಿಗೂ ಸಿಗಲಿ. ಆದರೆ ಬಹುಮಾನ ಬಂದ ಸಂಜೆಯೋ ಬಾರದ ಸಂಜೆಯೋ, ಆ ಹಾಡು ಮನೆಯ ಹಜಾರದಲ್ಲಿ ಅಜ್ಜಿಯ ಮುಂದೆ ಇನ್ನೊಮ್ಮೆ ಕೇಳಿಬರುತ್ತದೆಯೇ ಎಂದು ಗಮನಿಸೋಣ. ಕಿವಿ ಮಂದವಾದ ಅಜ್ಜಿಗಾಗಿ ಮಗು ಸ್ವಲ್ಪ ಗಟ್ಟಿಯಾಗಿ, ಸ್ವಲ್ಪ ನಿಧಾನವಾಗಿ ಹಾಡಿದರೆ, ಆ ಶ್ರುತಿಲೋಪಕ್ಕೆ ಅಂಕ ಕಳೆಯುವವರು ಆ ಮನೆಯಲ್ಲಿ ಯಾರೂ ಇಲ್ಲದಿರಲಿ.